ನಮ್ಮೂರ ಹೊಯ್ಗೆ: ಒಂದು ಚರಿತ್ರೆ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಯಲ್ಲಿ ಬೆಳ್ಳಿಯ ಮಾತು ಬಿಟ್ಟು ಹೊಯ್ಗೆಯ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳಬೇಕಾದದ್ದೇ. ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬೇಕೆಂದು ಸಮಿತಿಯವರು ಹೇಳಿದಾಗ ನಾವೂ ಮೊದಲು ದೇವಸ್ಥಾನ, ಗುತ್ತು ಮನೆ, ಶಾಲೆ ಎಂದೆಲ್ಲ ಯೋಚಿಸಿದ್ದೆವು. ಅಷ್ಟರಲ್ಲಿ ಗಲ್ಫಿನ ಎಣ್ಣೆ ಕಂಪೆನಿಯೊಂದರಲ್ಲಿ ದುಡಿಯುವ ನಮ್ಮೂರ ಹುಡುಗನೊಬ್ಬ ರಜೆಗೆ ಬಂದವನು ಸಂಘದ ಜಗಲಿಯಲ್ಲಿ ಕುಳಿತು ಒಂದು ಪ್ರಶ್ನೆ ಹಾಕಿದ: "ಅಣ್ಣೆರೆ, ಅಲ್ಲಿ ಮರುಭೂಮಿಯ ನಡುವೆ ಕುಳಿತುಕೊಂಡು ಎಣ್ಣೆಬಾವಿಗೆ ಹಾಕಲಿಕ್ಕೆ ದುಡ್ಡು ಕೊಟ್ಟು ಹೊಯ್ಗೆ ತರಿಸುತ್ತಾರೆ. ನಮ್ಮ ಪಡುಕೆರೆಯಲ್ಲಿ ಬೇಕಾದಷ್ಟು ಬಿದ್ದುಕೊಂಡು ಉಂಟಲ್ಲ, ಅದು ಆಗುವುದಿಲ್ಲವಾ? ಸಂಘವೇ ಒಂದು ವ್ಯಾಪಾರ ಮಾಡಬಹುದಲ್ಲ?"

ಸುತ್ತ ಇದ್ದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ನಮ್ಮದೇ ಊರಿನ ಕಥೆ. ಅದನ್ನೇ ಇಲ್ಲಿ ಬರೆದಿದ್ದೇವೆ.

ಹೊಯ್ಗೆ ಹುಟ್ಟಿದ ಬಗೆ

ಘಟ್ಟದ ಮೇಲಿನವರು ಮರಳು ಎನ್ನುತ್ತಾರೆ. ನಮಗೆ ಅದು ಹೊಯ್ಗೆ, ತುಳುವಿನಲ್ಲಿ ಪೊಯ್ಯೆ. ಮಂಗಳೂರಿನ ಹೊಯ್ಗೆ ಬಜಾರ್ ಹೆಸರನ್ನು ಕೇಳದವರಿಲ್ಲ. ನಮ್ಮ ಹಿರಿಯರು ಐಗಳ ಮುಂದೆ ಕುಳಿತು ಅಕ್ಷರ ತಿದ್ದಿದ್ದು ಹೊಯ್ಗೆಯ ಮೇಲೆ. ಹೊದಳು ಹುರಿದದ್ದು ಬಿಸಿ ಹೊಯ್ಗೆಯಲ್ಲಿ. ಚಿಪ್ಪಿನ ಸುಣ್ಣಕ್ಕೆ ಹೊಯ್ಗೆ ಬೆರೆಸಿ ಗಾರೆ ಮಾಡಿ ಮುರಕಲ್ಲಿನ ಗೋಡೆ ಎಬ್ಬಿಸಿದರು. ಆಗ ಹೊಯ್ಗೆಗೆ ಬೆಲೆ ಎಂಬುದಿರಲಿಲ್ಲ. ತರುವವನ ಕೂಲಿ, ದೋಣಿಯ ಬಾಡಿಗೆ, ಗಾಡಿಯ ಬಾಡಿಗೆ ಇವಿಷ್ಟೇ ಲೆಕ್ಕ.

ಈ ಹೊಯ್ಗೆ ಎಲ್ಲಿಂದ ಬಂತು? ಪಶ್ಚಿಮ ಘಟ್ಟದ ಮತ್ತು ನಮ್ಮ ಕಾರ್ಕಳ ಕಡೆಯ ಗ್ರಾನೈಟ್ ಜಾತಿಯ ಬಂಡೆಗಳಿಂದ. ಆ ಬಂಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಖನಿಜ ಉಂಟು. ಒಂದು ಫೆಲ್ಡ್‌ಸ್ಪಾರ್, ಇನ್ನೊಂದು ಬೆಣಚು. ಸಾವಿರಾರು ಮಳೆಗಾಲ ಕಳೆಯುವಾಗ ಫೆಲ್ಡ್‌ಸ್ಪಾರ್ ಕೊಳೆತು ಆವೆಮಣ್ಣಾಗುತ್ತದೆ. ಬೆಣಚು ಕೊಳೆಯುವುದಿಲ್ಲ. ಅದು ಕಾಳುಕಾಳಾಗಿ ಉದುರಿ, ಹೊಳೆಯಲ್ಲಿ ಉರುಳಿ ಹೊಯ್ಗೆಯಾಗುತ್ತದೆ. ಈ ಬೆಣಚನ್ನೇ ರಸಾಯನ ಶಾಸ್ತ್ರದವರು ಸಿಲಿಕಾ ಎಂದು ಕರೆಯುತ್ತಾರೆ.

ಹಾಗೆ ನೋಡಿದರೆ ಹಂಚಿನ ಮಣ್ಣು ಮತ್ತು ಹೊಯ್ಗೆ ಒಂದೇ ತಾಯಿಯ ಮಕ್ಕಳು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. 1886ರಲ್ಲಿ ನಮ್ಮ ಮಲ್ಪೆಗೂ ಅದು ಬಂತು. ಗದ್ದೆಯ ಅಡಿಯ ಆವೆಮಣ್ಣಿಗೂ ದುಡ್ಡು ಹುಟ್ಟುತ್ತದೆ ಎಂಬುದು ನಮ್ಮ ಸೀಮೆಗೆ ಆಗಲೇ ಗೊತ್ತಾಯಿತು. ಹೊಯ್ಗೆಗೂ ದುಡ್ಡು ಹುಟ್ಟುತ್ತದೆ ಎಂದು ಗೊತ್ತಾಗಲು ಮತ್ತೂ ನೂರು ವರ್ಷ ಬೇಕಾಯಿತು.

ಗಾಜು ಮತ್ತು ಎರಕ

ಹೊಯ್ಗೆಯ ಶುದ್ಧಿಯ ಪ್ರಶ್ನೆ ಮೊದಲು ಎದ್ದದ್ದು ಗಾಜಿನಿಂದ. ಹೊಯ್ಗೆ, ಸೋಡಾ, ಸುಣ್ಣ ಇವನ್ನು ಸೇರಿಸಿ ಭಾರೀ ಬೆಂಕಿಯಲ್ಲಿ ಕರಗಿಸಿದರೆ ಗಾಜು. ಆದರೆ ಹೊಯ್ಗೆಯಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇದ್ದರೂ ಗಾಜು ಹಸಿರು ತಿರುಗುತ್ತದೆ. ಹಳೇ ಗೋಲಿ ಸೋಡಾ ಬಾಟ್ಲಿಯ ಹಸಿರು ಬಣ್ಣ ನೆನಪಿದೆಯಲ್ಲ? ಅಂಥದ್ದು. ಬಿಳಿ ಗಾಜು ಬೇಕಾದರೆ ನೂರಕ್ಕೆ ತೊಂಬತ್ತೆಂಟಕ್ಕೂ ಮೀರಿ ಸಿಲಿಕಾ ಇರುವ ಹೊಯ್ಗೆಯೇ ಬೇಕು.

ಸ್ವದೇಶಿ ಚಳುವಳಿಯ ಕಾಲದಲ್ಲಿ, ಗಾಜಿಗಾಗಿ ಪರದೇಶವನ್ನು ಕಾಯುವುದು ಬೇಡ ಎಂದು ನಮ್ಮವರು ಹೊರಟರು. ಪುಣೆಯ ಬಳಿಯ ತಳೇಗಾಂವದಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಹೆಸರೇ ಹೇಳುವಂತೆ, ಜನರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ ಎದ್ದ ಕಾರ್ಖಾನೆ ಅದು. ಅಂತಾಜಿ ದಾಮೋದರ ಕಾಳೆಯವರು ಆ ನಿಧಿಯನ್ನು ಆರಂಭಿಸಿದರು, ಲೋಕಮಾನ್ಯ ತಿಲಕರು ಬೆಂಬಲಕ್ಕೆ ನಿಂತರು. ಹನಿ ಹನಿ ಕೂಡಿ ಹಳ್ಳ ಎಂಬ ಮಾತನ್ನು ನಂಬಿ ನಡೆಯುವ ನಮ್ಮಂಥ ಸಹಕಾರಿಗಳು ಇದನ್ನು ನೆನೆಯುವುದು ಉಚಿತ. ಮುಂದೆ ಕರಾಡದ ಬಳಿಯ ಓಗಲೆಯವರ ಕಾರ್ಖಾನೆಯಿಂದ ಪ್ರಭಾಕರ ಕಂದೀಲುಗಳು ಬಂದವು. ಕರೆಂಟು ಬರುವ ಮೊದಲು ಹಳ್ಳಿಮನೆಗಳಿಗೆ ಅಂಥ ಕಂದೀಲುಗಳೇ ಬೆಳಕು. ಅದರ ಗಾಜನ್ನು ಬೂದಿ ಹಾಕಿ ಉಜ್ಜಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಇನ್ನೊಂದು ಉಪಯೋಗ ಎರಕದ್ದು. ಕರಗಿದ ಕಬ್ಬಿಣವನ್ನು ಹೊಯ್ಯಲು ಹೊಯ್ಗೆಯ ಅಚ್ಚು ಬೇಕು. ಕಬ್ಬಿಣ ಹೊಯ್ಯುವುದು ಸುಮಾರು 1,400 ಡಿಗ್ರಿ ಶಾಖದಲ್ಲಿ. ಬೆಣಚು ಕರಗಬೇಕಾದರೆ 1,700 ಡಿಗ್ರಿ ಬೇಕು. ಆದ್ದರಿಂದ ಅಚ್ಚು ತಡೆದುಕೊಳ್ಳುತ್ತದೆ. ಬೆಳಗಾವಿ ಮತ್ತು ಕೊಲ್ಲಾಪುರದ ಎರಕದ ಕಾರ್ಖಾನೆಗಳಿಗೆ ನಮ್ಮ ಕರಾವಳಿಯ ಬಡಗು ತುದಿ ದಾಟಿದರೆ ಸಿಗುವ ಸಿಂಧುದುರ್ಗ ಜಿಲ್ಲೆಯ ಕಾಸರ್ಡೆ ಕಡೆಯ ಸಿಲಿಕಾ ಮರಳು ಹೋಗುತ್ತದೆ. ಇತ್ತ ತೆಂಕಲಾಗಿ ಕೇರಳದ ಆಲಪ್ಪುಳ ಜಿಲ್ಲೆಯ ಚೇರ್ತಲದಲ್ಲಿ ಸಕ್ಕರೆಯಂತೆ ಬೆಳ್ಳಗಿನ ಮರಳುಂಟು. ಬಡಗಣ ದೇಶದಲ್ಲಿ ಪ್ರಯಾಗದ ಬಳಿಯ ಶಂಕರಗಢ ಗಾಜಿನ ಮರಳಿಗೆ ಹೆಸರುವಾಸಿ. ಚೆನ್ನೈ ಬಳಿಯ ಎಣ್ಣೂರಿನ ಮರಳಂತೂ ಒಂದು ದೊಡ್ಡ ಮರ್ಯಾದೆ ಪಡೆದಿದೆ. ಸಿಮೆಂಟಿನ ಗಟ್ಟಿತನ ಪರೀಕ್ಷಿಸಲು ಮೊದಲು ಇಂಗ್ಲೆಂಡಿನ ಲೇಟನ್ ಬಝಾರ್ಡ್ ಎಂಬಲ್ಲಿಯ ಮರಳನ್ನು ಪ್ರಮಾಣವಾಗಿ ಹಿಡಿಯುತ್ತಿದ್ದರು. ಸ್ವತಂತ್ರ ಭಾರತದಲ್ಲಿ ಆ ಸ್ಥಾನ ಎಣ್ಣೂರಿಗೆ ಸಿಕ್ಕಿತು.

ಎಣ್ಣೆಬಾವಿಗೆ ಹೋದ ಹೊಯ್ಗೆ

ಇನ್ನು ನಮ್ಮ ಹುಡುಗ ಕೇಳಿದ ಎಣ್ಣೆಬಾವಿಯ ವಿಷಯ. ಭೂಮಿಯ ಆಳದಲ್ಲಿ ಕೆಲವು ಬಂಡೆಗಳು ಎಷ್ಟು ಬಿಗಿಯೆಂದರೆ, ಒಳಗೆ ಎಣ್ಣೆ, ಅನಿಲ ಇದ್ದರೂ ಹೊರಗೆ ಬರುವುದಿಲ್ಲ. ಬಾವಿ ಕೊರೆದು ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿದರೆ ಬಂಡೆ ಸೀಳುತ್ತದೆ. ಇದಕ್ಕೆ ಫ್ರ್ಯಾಕಿಂಗ್ ಎನ್ನುತ್ತಾರೆ. ನಮ್ಮ ಕಡೆ ಬತ್ತಿದ ಬೋರ್‌ವೆಲ್ಲಿಗೆ ಒತ್ತಡದ ನೀರು ಬಿಟ್ಟು ಬಿರುಕು ಬಿಡಿಸುವುದು ಕೆಲವರಿಗೆ ಗೊತ್ತು. ಇದು ಅದರದೇ ದೊಡ್ಡಣ್ಣ. ಆದರೆ ಆಳದಲ್ಲಿ ಒತ್ತಡ ಇಳಿಸಿದ ಕೂಡಲೇ ಬಂಡೆಯ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚದಂತೆ ನೀರಿನ ಜತೆಗೇ ಹೊಯ್ಗೆ ಕಳಿಸುತ್ತಾರೆ. ಗೊನೆ ಹಾಕಿದ ಬಾಳೆಗೆ ಕವೆಗೋಲು ಕೊಟ್ಟ ಹಾಗೆ, ಒಂದೊಂದು ಕಾಳೂ ಬಿರುಕಿನಲ್ಲಿ ನಿಂತು ಬಂಡೆಯನ್ನು ಹೊತ್ತುಕೊಳ್ಳುತ್ತದೆ. ಕಾಳುಗಳ ಸಂದಿನಿಂದ ಎಣ್ಣೆ ಹರಿದು ಬರುತ್ತದೆ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 1947ರಲ್ಲಿ ಇದರ ಮೊದಲ ಪ್ರಯೋಗ ನಡೆಯಿತು. 1949ರ ಮಾರ್ಚ್ 17ರಂದು ಒಕ್ಲಹೋಮಾ ಮತ್ತು ಟೆಕ್ಸಾಸಿನಲ್ಲಿ ವ್ಯಾಪಾರಕ್ಕಾಗಿ ಮೊದಲು ಮಾಡಿದಾಗ ಬಳಸಿದ್ದು ಬರೇ 100ರಿಂದ 150 ಪೌಂಡ್ ಹೊಯ್ಗೆ. ಎಂದರೆ ಒಂದೂವರೆ ಸಿಮೆಂಟು ಚೀಲದಷ್ಟೂ ಇಲ್ಲ. ಇಂದು ಅಲ್ಲಿ ಒಂದೊಂದು ಬಾವಿಗೆ ಸಾವಿರಾರು ಟನ್ ಹೊಯ್ಗೆ ಹೋಗುತ್ತದೆ.

ಇದರಲ್ಲಿ ಬಹಳ ಬೆಲೆ ಬಂದದ್ದು ವಿಸ್ಕಾನ್ಸಿನ್ ಮತ್ತು ಇಲಿನಾಯ್ ರಾಜ್ಯಗಳ ಬಿಳಿ ಹೊಯ್ಗೆಗೆ. ಅದು ನಲವತ್ತು ಕೋಟಿ ವರ್ಷಗಳಿಗೂ ಹಳೆಯದು. ಗಾಳಿ, ತೆರೆ ಎರಡರಲ್ಲೂ ಹೊರಳಿ ಹೊರಳಿ ದುರ್ಬಲ ಖನಿಜವೆಲ್ಲ ಸವೆದು ಹೋಗಿ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಬೆಣಚೇ ಉಳಿದಿದೆ. ಕಾಳುಗಳು ಸಾಸಿವೆಯಂತೆ ದುಂಡಗೆ. 2010ರ ನಂತರ ಅಲ್ಲಿಯ ಹಳ್ಳಿಗಳಲ್ಲಿ ಹೊಲ ಮಾರಿದವರುಂಟು, ಗುಡ್ಡ ಮಾರಿದವರುಂಟು. ರೈಲಿನಲ್ಲಿ ಎರಡು ಸಾವಿರ ಕಿಲೋಮೀಟರು ದಾಟಿ ಟೆಕ್ಸಾಸಿಗೆ ಹೊಯ್ಗೆ ಹೋಯಿತು. ಹೊಯ್ಗೆಯ ಬೆಲೆಗಿಂತ ಬಾಡಿಗೆಯೇ ಜಾಸ್ತಿ ಆಯಿತು. ಕೊನೆಗೆ 2017ರ ಸುಮಾರಿಗೆ ಟೆಕ್ಸಾಸಿನವರು ತಮ್ಮ ಬಾವಿಗಳ ಪಕ್ಕದಲ್ಲೇ ಇದ್ದ ದಿಬ್ಬದ ಹೊಯ್ಗೆಯನ್ನು ಅಗೆಯತೊಡಗಿದರು. ಅದು ಅಷ್ಟು ಗಟ್ಟಿಯಲ್ಲ, ಅಷ್ಟು ಬಿಳಿಯಲ್ಲ. ಆದರೆ ಹತ್ತಿರ ಉಂಟು. ಅಷ್ಟೇ ಸಾಕಾಯಿತು. ವಿಸ್ಕಾನ್ಸಿನ್ನಿನ ಎಷ್ಟೋ ಗಣಿಗಳು ಬಾಗಿಲು ಹಾಕಿದವು. ಕೋವಿಯಾ ಮತ್ತು ಹೈ-ಕ್ರಶ್ ಎಂಬ ದೊಡ್ಡ ಮರಳು ಕಂಪೆನಿಗಳೆರಡೂ 2020ರಲ್ಲಿ ದಿವಾಳಿ ಅರ್ಜಿ ಹಾಕಿದವು. ಜಗತ್ತಿನಲ್ಲೇ ಉತ್ತಮವಾದ ಹೊಯ್ಗೆ ಕೈಯಲ್ಲಿದ್ದೂ ಹೀಗಾಯಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಬಂದಿದೆ. ರಾಜಸ್ಥಾನದ ಬಾಡ್‌ಮೇರ್‌ನ ಅನಿಲ ಬಾವಿಗಳಲ್ಲಿ, ಬಂಗಾಳದ ರಾಣಿಗಂಜ್ ಕಲ್ಲಿದ್ದಲ ಸೀಮೆಯಲ್ಲಿ ಹೀಗೆ ಬಂಡೆ ಸೀಳುತ್ತಾರೆ. ದುರ್ಗಾಪುರದ ಬಳಿ ಓ.ಎನ್.ಜಿ.ಸಿ.ಯವರ ಪ್ರಯೋಗದ ಬಾವಿಯಲ್ಲಿ 2011ರ ಜನವರಿಯಲ್ಲಿ ಶೇಲ್ ಅನಿಲ ಕಾಣಿಸಿತು. ಅಮೆರಿಕದ ಕಚ್ಚಾ ತೈಲ 2017ರ ಅಕ್ಟೋಬರಿನಿಂದ ಭಾರತದ ಬಂದರುಗಳಿಗೆ ಬರುತ್ತಿದೆ. ಅಲ್ಲಿ ತೆಗೆಯುವ ಎಣ್ಣೆಯ ಹೆಚ್ಚಿನ ಪಾಲು ಹೊಯ್ಗೆ ಹಾಕಿ ತೆಗೆದದ್ದೇ. ನಮ್ಮ ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆಯ ಒಳಗೆ ಗುಹೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ವ್ಯವಸ್ಥೆ ಆಗಿದೆಯಲ್ಲ, ಅಲ್ಲಿಯ ಯುಕ್ತಿ ಇದಕ್ಕೆ ತಿರುಗುಮುರುಗು. ಅಮೆರಿಕದಲ್ಲಿ ನೀರಿನ ಒತ್ತಡದಿಂದ ಬಂಡೆ ಸೀಳಿ ಎಣ್ಣೆ ತೆಗೆಯುತ್ತಾರೆ. ಪಾದೂರಿನಲ್ಲಿ ಬಂಡೆಯ ಸಂದಿನಲ್ಲಿರುವ ನೀರಿನ ಒತ್ತಡವೇ ಎಣ್ಣೆ ಸೋರದಂತೆ ತಡೆಯುತ್ತದೆ.

ಪಡುಕೆರೆಯ ಹೊಯ್ಗೆ ಆಗುವುದಿಲ್ಲವಾ?

ಈಗ ಉತ್ತರಕ್ಕೆ ಬರೋಣ. ಎಣ್ಣೆಬಾವಿಯ ಹೊಯ್ಗೆಗೆ ನಾಲ್ಕು ಪರೀಕ್ಷೆ ಉಂಟು. ಬೆಣಚಿನ ಅಂಶ ನೂರಕ್ಕೆ ತೊಂಬತ್ತೊಂಬತ್ತರ ಹತ್ತಿರ ಇರಬೇಕು. ಕಾಳು ದುಂಡಗಿರಬೇಕು. ಭಾರ ಬಿದ್ದರೆ ಪುಡಿಯಾಗಬಾರದು. ಆಮ್ಲದಲ್ಲಿ ಹಾಕಿದರೆ ನೂರಕ್ಕೆ ಎರಡು-ಮೂರು ಪಾಲಿಗಿಂತ ಹೆಚ್ಚು ಕರಗಬಾರದು.

ಇದರಲ್ಲಿ ಎರಡನ್ನು ಮನೆಯಲ್ಲೇ ನೋಡಬಹುದು. ನಮ್ಮ ಶಾಲೆಯ ಮಕ್ಕಳಿಗೂ ಇದೊಂದು ಒಳ್ಳೆಯ ಪಾಠ. ಕಡಲ ಬದಿಯ ಒಣ ಹೊಯ್ಗೆಯನ್ನು ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿದರೆ ಕಪ್ಪು ಕಾಳು ಅಂಟಿಕೊಂಡು ಬರುತ್ತವೆ. ಅದು ಕಬ್ಬಿಣದ ಖನಿಜ. ಮಳೆಗಾಲ ಕಳೆದ ಮೇಲೆ ಕಡಲ ಬದಿಯಲ್ಲಿ ಕಾಣುವ ಕಪ್ಪು ಗೆರೆಯೂ ಇಂಥ ಭಾರದ ಕಾಳುಗಳದ್ದೇ. ಇನ್ನು ಚಿಪ್ಪಿನ ಚೂರುಗಳನ್ನು ಆರಿಸಿ ಲಿಂಬೆಹುಳಿ ಹಿಂಡಿದರೆ ಸಣ್ಣ ಗುಳ್ಳೆ ಏಳುತ್ತವೆ. ಚಿಪ್ಪು ಎಂದರೆ ಸುಣ್ಣ, ಆಮ್ಲ ತಾಗಿದರೆ ಕರಗುವಂಥದ್ದು. ಕಬ್ಬಿಣವೂ ಚಿಪ್ಪೂ ಬೆರೆತ ಹೊಯ್ಗೆ ಗಾಜಿಗೂ ಸಲ್ಲ, ಎಣ್ಣೆಬಾವಿಗೂ ಸಲ್ಲ.

ಹೊಳೆಯ ಹೊಯ್ಗೆಯಲ್ಲಿ ಚಿಪ್ಪು ಕಡಿಮೆ, ಆದರೆ ಅದು ದುಂಡಗಿಲ್ಲ. ನಮ್ಮ ಹೊಳೆಗಳು ಘಟ್ಟದ ಬುಡದಿಂದ ಕಡಲಿಗೆ ಓಡಿ ಮುಗಿಸುವ ದೂರ ತೀರಾ ಕಡಿಮೆ. ಕಾಳು ಉರುಳಿ ಸವೆಯಲು ಸಮಯವೇ ಇಲ್ಲ, ಮೂಲೆಗಳು ಮೊನಚಾಗಿಯೇ ಉಳಿಯುತ್ತವೆ. ಎಣ್ಣೆಬಾವಿಯಲ್ಲಿ ಇದು ದೋಷ, ಭಾರ ಬಿದ್ದಾಗ ಮೊನೆ ಮುರಿದು ಪುಡಿಯಾಗುತ್ತದೆ. ಆದರೆ ಮನೆ ಕಟ್ಟುವವನಿಗೆ ಇದೇ ಗುಣ. ಮೊನಚು ಕಾಳು ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ನಮ್ಮ ಹೊಯ್ಗೆಯನ್ನು ಪರದೇಶದ ಎಣ್ಣೆ ಕಂಪೆನಿ ಕೇಳಲಿಕ್ಕಿಲ್ಲ. ಕೇಳುವವರು ನಾವೇ, ನಮ್ಮ ಮನೆಗಳಿಗೆ.

ಶುದ್ಧ ಸಿಲಿಕಾ ಎಷ್ಟು ಅಪರೂಪ ಎಂಬುದಕ್ಕೆ ನಮ್ಮ ಕಾರ್ಕಳದ ಮೇಲಿನ ಕುದುರೆಮುಖವೇ ಸಾಕ್ಷಿ. ಅಲ್ಲಿಯದು ಕಬ್ಬಿಣ ಮತ್ತು ಬೆಣಚು ಪದರಪದರವಾಗಿ ಬೆರೆತ ಅದಿರು. ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರು ಪೈಪಿನಲ್ಲಿ ಪಣಂಬೂರಿಗೆ ಕಳಿಸಿದರು. ಉಳಿದ ಬೆಣಚಿನ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿತು. ಸುಪ್ರೀಂ ಕೋರ್ಟಿನ 2002ರ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು, ಕೆಸರು ಅಲ್ಲೇ ಉಂಟು. ಸಿಲಿಕಾ ಇದ್ದ ಮಾತ್ರಕ್ಕೆ ಸಂಪತ್ತಾಗುವುದಿಲ್ಲ.

ಕಾನೂನಿನ ಕಣ್ಣಿನಲ್ಲಿ

ಒಂದು ಸೋಜಿಗ ಹೇಳಬೇಕು. ಬಹುಕಾಲ ಕಾನೂನಿನ ಲೆಕ್ಕದಲ್ಲಿ ಹೊಯ್ಗೆಯ ಜಾತಿ ನಿರ್ಧಾರವಾಗುತ್ತಿದ್ದದ್ದು ಅದು ಎಲ್ಲಿಗೆ ಹೋಗುತ್ತದೆ ಎಂಬುದರಿಂದ. 1957ರ ಗಣಿ ಕಾಯಿದೆ ಮತ್ತು 1960ರ ನಿಯಮದಂತೆ ಗೋಡೆಗೆ, ಕಾಂಕ್ರೀಟಿಗೆ ಹೋಗುವ ಮರಳು ಉಪಖನಿಜ, ರಾಜ್ಯ ಸರಕಾರದ ಅಧೀನ. ಗಾಜಿಗೆ, ಪಿಂಗಾಣಿಗೆ, ಲೋಹದ ಎರಕಕ್ಕೆ, ಕಲ್ಲಿದ್ದಲ ಗಣಿಯ ಪೊಳ್ಳು ತುಂಬಲಿಕ್ಕೆ ಹೋದರೆ ಅದೇ ಮರಳು ಪ್ರಧಾನ ಖನಿಜ! 2015ರ ಫೆಬ್ರವರಿ 10ರಂದು ಕೇಂದ್ರ ಸರಕಾರ 31 ಖನಿಜಗಳನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿದಾಗ ಸಿಲಿಕಾ ಮರಳೂ ರಾಜ್ಯದ ಕೈಗೆ ಬಂತು.

ಕಡಲ ಬದಿಗೆ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು, 2011ರಲ್ಲಿ ಅದು ಪರಿಷ್ಕಾರವಾಯಿತು. ಆ ವಲಯದಲ್ಲಿ ಮರಳು ಗಣಿಗಾರಿಕೆ ಕೂಡದು. ದೋಣಿ ಓಡಾಟಕ್ಕೆ ಅಡ್ಡವಾಗುವ ಮರಳು ದಿಬ್ಬಗಳನ್ನು ಸಾಂಪ್ರದಾಯಿಕ ಜನರು ಕೈಯಿಂದಲೇ ತೆಗೆಯಲು ಮಾತ್ರ 2011ರ ನವೆಂಬರಿನಲ್ಲಿ ಅವಕಾಶ ಕೊಟ್ಟರು. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರದ ಅನುಮತಿ ಬೇಕೆಂದಿತು. ಪಡುಕೆರೆಯ ಹೊಯ್ಗೆ ಮಾರುವ ಯೋಚನೆಗೆ ಕಾನೂನೂ ಒಪ್ಪುವುದಿಲ್ಲ ಎಂದು ಇದರಿಂದ ತಿಳಿಯಬೇಕು.

ನಮ್ಮ ಹೊಳೆ, ನಮ್ಮ ಬಾವಿ

ಈ ಕಾನೂನಿನ ಬಿಸಿ ನಮ್ಮ ಸಂಘಕ್ಕೂ ತಾಗಿದೆ. ಉಡುಪಿ 1997ರ ಆಗಸ್ಟ್ 25ರಂದು ಜಿಲ್ಲೆಯಾಯಿತು. ಪಕ್ಕದ ಮಣಿಪಾಲದಲ್ಲಿ ಮಹಡಿಗಳು ಏಳುತ್ತಾ ಬಂದವು. ಅಲೆವೂರಿನಲ್ಲೂ ಹಂಚಿನ ಮಾಡು ಇಳಿಸಿ ಟೆರೇಸು ಹಾಕುವ ಕಾಲ ಬಂತು. ದೋಣಿಯಲ್ಲಿ ಬುಟ್ಟಿಗಟ್ಟಳೆ ಬರುತ್ತಿದ್ದ ಹೊಯ್ಗೆ ಟಿಪ್ಪರಿನಲ್ಲಿ ಯೂನಿಟ್ ಲೆಕ್ಕದಲ್ಲಿ ಬಂತು. 2018ರಲ್ಲಿ ಹೊಯ್ಗೆ ಸಿಗದೆ ಜಿಲ್ಲೆಯಲ್ಲೇ ಧರಣಿಗಳಾದವು. ಪಂಚಾಂಗ ಮುಗಿದು ಗೋಡೆ ಏಳದೆ ನಿಂತ ಮನೆಗಳನ್ನು ನಾವು ಕಂಡಿದ್ದೇವೆ. ಕೂಲಿಯವರಿಗೆ ಕೆಲಸವಿಲ್ಲ, ಮೇಸ್ತ್ರಿಗೆ ಕೆಲಸವಿಲ್ಲ, ಸಾಲ ಪಡೆದವನಿಗೆ ಮನೆಯಿಲ್ಲ, ಕಂತು ಮಾತ್ರ ಉಂಟು. ಸಾಲ ಕೊಡುವಾಗ ನಾವು ಜಾಮೀನು ನೋಡುತ್ತೇವೆ, ಆರ್.ಟಿ.ಸಿ. ನೋಡುತ್ತೇವೆ. ಹೊಯ್ಗೆ ಎಲ್ಲಿಂದ ಬರುತ್ತದೆ ಎಂದು ಕೇಳುವುದಿಲ್ಲ. ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ.

ಹಾಗೆಂದು ಹೊಳೆಯನ್ನು ಬೇಕಾದಷ್ಟು ಅಗೆಯಲು ಬಿಡಬೇಕಿತ್ತು ಎನ್ನಲಾಗದು. ನಮ್ಮ ಪಡುದಿಕ್ಕಿಗೆ ಪಾಪನಾಶಿನಿ ಉದ್ಯಾವರ ದಾಟಿ, ಪಡುಕೆರೆಯ ಹೊಯ್ಗೆದಿಬ್ಬದ ಬೆನ್ನಿಗೇ ಬಡಗು ಹರಿದು ಮಲ್ಪೆಯಲ್ಲಿ ಕಡಲು ಸೇರುತ್ತದೆ. ಇಂಥ ಹೊಳೆಗಳ ತಳ ಇಳಿದರೆ ಭರತದ ಉಪ್ಪುನೀರು ಮತ್ತಷ್ಟು ಮೇಲೆ ಬರುತ್ತದೆ. ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುವಂಥದ್ದು. ಭೂಜಲ ಶಾಸ್ತ್ರದ ಲೆಕ್ಕ ಹೀಗೆ: ಕಡಲ ಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರು ಇರುತ್ತದೆ. ಮೇಲಿನ ಒಂದು ಅಡಿ ಇಳಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರುತ್ತದೆ. ಹೊಳೆಯ ಹೊಯ್ಗೆ ಮಳೆಗಾಲದ ನೀರನ್ನು ಹೀರಿ ಹಿಡಿದು ಬೇಸಗೆಯಲ್ಲಿ ಮೆಲ್ಲಗೆ ಬಿಡುವ ಠೇವಣಿ. ನಮ್ಮ ಹಿರಿಯರು ವರ್ಷಾ ವರ್ಷ ಮಣ್ಣಿನ ಕಟ್ಟ ಕಟ್ಟಿದ್ದು ಈ ಠೇವಣಿಯನ್ನು ಕಾಯಲಿಕ್ಕೇ. ಬಡ್ಡಿ ತಿನ್ನಬಹುದು, ಅಸಲಿಗೆ ಕೈ ಹಾಕಬಾರದು ಎಂದು ಸಹಕಾರಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಹೊಳೆ ಹೊಯ್ಗೆಗೆ ಬದಲು ಈಗ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ಬಂದಿದೆ. ಒಳ್ಳೆಯದೇ, ಬಳಸಬೇಕು. ಆದರೆ ಕಲ್ಲು ಒಡೆಯುವಲ್ಲಿ ಏಳುವ ಬೆಣಚಿನ ನಯ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ, ಅದಕ್ಕೆ ಗುಣವಿಲ್ಲ. ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲೇ ಈ ರೋಗದ ದೊಡ್ಡ ಅಧ್ಯಯನ ನಡೆದಿತ್ತು. ಅಮೆರಿಕದ ಫ್ರ್ಯಾಕಿಂಗ್ ಬಾವಿಗಳಲ್ಲಿ ಹೊಯ್ಗೆ ಸುರಿಯುವ ಕೆಲಸಗಾರರಿಗೂ ಈ ಅಪಾಯ ಉಂಟೆಂದು ಅಲ್ಲಿಯ ಸರಕಾರಿ ಸಂಸ್ಥೆಗಳು 2012ರಲ್ಲಿ ಎಚ್ಚರಿಸಿದವು. ಜಲ್ಲಿ ಕ್ರಶರಿಗೆ, ಕಲ್ಲು ಕೊರೆಯಲಿಕ್ಕೆ ಹೋಗುವ ನಮ್ಮ ಸದಸ್ಯರ ಮನೆಯವರು ನೀರು ಚಿಮುಕಿಸಿ ಕೆಲಸ ಮಾಡಲಿ, ತಕ್ಕ ಮುಖವಾಡ ಕಟ್ಟಿಕೊಳ್ಳಲಿ. ಮುಖಕ್ಕೆ ಸುತ್ತಿದ ಬೈರಾಸು ಈ ಧೂಳನ್ನು ತಡೆಯುವುದಿಲ್ಲ.

ಕೊನೆಗೆ ಒಂದು ಮಾತು

ದಕ್ಷಿಣ ಕನ್ನಡದ ಸಹಕಾರ ಪಿತಾಮಹ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಂಘ ಕಟ್ಟಿದ ಕಾಲದಿಂದ ಈ ನೆಲದ ಸಹಕಾರಿಗಳು ಕಲಿತ ಪಾಠ ಒಂದೇ. ನಮ್ಮ ಹತ್ತಿರ ಇರುವುದನ್ನು ಲೆಕ್ಕ ಮಾಡು, ಒಟ್ಟಿಗೆ ಕಾಪಾಡು, ಹಂಚಿಕೊಂಡು ಉಣ್ಣು. ದುಡ್ಡಿನ ಲೆಕ್ಕವನ್ನು ನಮ್ಮ ಸಂಘ 25 ವರ್ಷ ಚೆನ್ನಾಗಿ ಇಟ್ಟಿದೆ. ಇನ್ನು ಮುಂದೆ ಇನ್ನೊಂದು ಪುಸ್ತಕ ಇಡೋಣ ಎಂಬುದು ನಮ್ಮ ಸೂಚನೆ. ಪ್ರತಿ ವಾರ್ಡಿನ ಎರಡು-ಮೂರು ಬಾವಿಗಳ ನೀರಿನ ಮಟ್ಟವನ್ನು ಪ್ರತಿ ವರ್ಷ ಏಪ್ರಿಲಿನಲ್ಲಿ ಅಳೆದು, ಉಪ್ಪು ಉಂಟೋ ಎಂದು ನೋಡಿ ಬರೆದಿಡುವುದು. ಗೃಹ ಸಾಲ ಕೊಡುವಾಗ ಮಾಡಿನ ಮಳೆನೀರನ್ನು ಬಾವಿಗೆ ಇಳಿಸುವ ಖರ್ಚನ್ನೂ ಅಂದಾಜಿನಲ್ಲಿ ಸೇರಿಸುವುದು. ಬಂದ ಮಹಾಸಭೆಯಲ್ಲಿ ಇದನ್ನು ಓದಿ ಹೇಳುವುದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಒಂದು ಹಗ್ಗ, ಒಂದು ಟೇಪು, ಒಂದು ನೋಟ್‌ಬುಕ್ಕು ಸಾಕು.

ಆ ಹುಡುಗ ರಜೆ ಮುಗಿಸಿ ಹೋಗುವ ಮುನ್ನ ಮತ್ತೊಮ್ಮೆ ಸಂಘಕ್ಕೆ ಬಂದಿದ್ದ. ಇದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಹೊಯ್ಗೆಗೆ ಬೆಲೆ ಇಲ್ಲವಾ ಅಣ್ಣೆರೆ?" ಎಂದು ಕೇಳಿದ. ಬೆಲೆ ಉಂಟು ಮಾರಾಯ, ಅದನ್ನು ಕೊಡುವವರೂ ಪಡೆಯುವವರೂ ನಾವೇ ಎಂದೆವು. ಹೊರಡುವಾಗ ಅವನು, ಮನೆಯ ಬಾವಿಯನ್ನು ಮೊದಲು ಅಳೆದು ಹೋಗುತ್ತೇನೆ ಎಂದ. ಅಳೆದು ಹೋಗಿದ್ದಾನೆ. ನೋಟ್‌ಬುಕ್ಕಿನ ಮೊದಲ ಸಾಲು ಅವನದ್ದೇ.